ಪೂರ್ವಕ್ಕೆ ಮುಖ ಮಾಡಿದ ಫ್ರಿಜ್ಜು

ನಮ್ಮ ಓಡಾಡುವ ಮನೆಯ ಫ್ರಿಜ್ಜನ್ನು ನಾನೇ ಬದಲಾಯಿಸುತ್ತೇನೆ ಎಂದು ಹೇಳಿದಾಗ ನನ್ನ ಹೆಂಡತಿ ಸುವರ್ಣ ನಗಲಿಲ್ಲ. ಅದನ್ನೇ ನಾನು ಪ್ರೋತ್ಸಾಹ ಎಂದು ತಿಳಿದುಕೊಂಡೆ.

ಓಡಾಡುವ ಮನೆ ಎಂದರೇನು ಎಂದು ಮೊದಲು ಹೇಳಬೇಕು. ಕಾಲುವೆ ಆಫೀಸಿನ ಗುಮಾಸ್ತನ ಕೆಲಸದಿಂದ ನಿವೃತ್ತನಾದ ಮೇಲೆ ನಾನೊಂದು ಹಳೆಯ ಸ್ಕೂಲ್ ವ್ಯಾನು ಕೊಂಡೆ. ಸೀಟು ಕಿತ್ತು ಹಾಕಿ, ಹಿಂದೆ ಮಂಚ, ನಡುವೆ ಗ್ಯಾಸಿನ ಒಲೆ, ಡ್ರೈವರ್ ಬೆನ್ನ ಹಿಂದೆ ಒಂದು ಸಣ್ಣ ಫ್ರಿಜ್ಜು ಇಡಿಸಿದೆ. ಇಡೀ ಸುರಪುರದಲ್ಲಿ ಇಂಥ ಗಾಡಿ ಇನ್ನೊಂದಿಲ್ಲ. ಯಾಕೆ ಇನ್ನೊಂದಿಲ್ಲ ಎಂದು ನಾನು ಯೋಚಿಸಲಿಲ್ಲ, ನೋಡಿ!

ಆ ಫ್ರಿಜ್ಜಿಗೆ ವಯಸ್ಸಾಗಿತ್ತು. ಚಾಲು ಮಾಡಿದರೆ ಎಂಜಿನ್ನಿಗಿಂತ ಜೋರಾಗಿ ಸದ್ದು ಮಾಡುತ್ತಿತ್ತು. ಬೇಸಿಗೆಯಲ್ಲಿ ಅದರೊಳಗಿಟ್ಟ ಮೊಸರು ಹೊರಗಿಟ್ಟ ಮೊಸರಿಗಿಂತ ಮೊದಲೇ ಹುಳಿಯಾಗುತ್ತಿತ್ತು. ಅಷ್ಟರಲ್ಲಿ ಯಾದಗಿರಿಯಿಂದ ಸುವರ್ಣಳ ಅಕ್ಕ ನಾಗಮ್ಮ ಮತ್ತು ಆಕೆಯ ಗಂಡ, ಅಂದರೆ ನನ್ನ ಷಡ್ಡಕ ಶರಣಪ್ಪ, ಬರುತ್ತೇವೆಂದು ಫೋನ್ ಮಾಡಿದರು. ಎಲ್ಲರೂ ಕೂಡಿ ನಮ್ಮ ಗಾಡಿಯಲ್ಲೇ ತಿಂಥಣಿಯ ದೇವರ ದರ್ಶನಕ್ಕೆ ಹೋಗಿಬರುವುದೆಂದು ಮಾತಾಯಿತು. ಹಿಂದಿನ ಸಲ ಇದೇ ಗಾಡಿಯಲ್ಲಿ ಅಕ್ಕನಿಗೆ ಬೆಚ್ಚನೆಯ ಮಜ್ಜಿಗೆ ಕುಡಿಸಿದ ಅವಮಾನವನ್ನು ಸುವರ್ಣ ಮರೆತಿರಲಿಲ್ಲ.

"ಈ ಸಲ ಅಕ್ಕನ ಕೈಯಾಗ ತಣ್ಣನ ಮಜ್ಜಿಗಿ ಕೊಡಬೇಕು. ಆಗಲಿಲ್ಲಂದ್ರ ಈ ಡಬ್ಬಿ ಗಾಡಿ ಮಾರಿಬಿಡ್ರಿ. ನಾ ಅಂತೂ ಮತ್ತ ಹತ್ತಂಗಿಲ್ಲ," ಎಂದಳು.

ಈ ಗಾಡಿಯಲ್ಲಿ ಊರೂರು ಸುತ್ತುವುದೇ ನನ್ನ ಬಾಕಿ ಆಯುಷ್ಯದ ಏಕೈಕ ಕಾರ್ಯಕ್ರಮವಾಗಿತ್ತು. "ಫಿಕರ್ ಮಾಡಬ್ಯಾಡ," ಎಂದೆ. ಕೃಷ್ಣೆಯ ನೀರನ್ನು ಹಳ್ಳಿಹಳ್ಳಿಗೆ ಹಂಚಿದ ಆಫೀಸಿನವನು ನಾನು. ನೀರು ಬಿಡುತ್ತಿದ್ದವರು ಬೇರೆ, ನಾನು ಕಾಗದಕ್ಕೆ ಸೀಲು ಹೊಡೆಯುತ್ತಿದ್ದೆ. ಆದರೂ ಒಂದು ಫ್ರಿಜ್ಜು ಯಾವ ಲೆಕ್ಕ?

ಶಹಾಪುರದ ಅಂಗಡಿಯಲ್ಲಿ ಗಾಡಿಗೆಂದೇ ಮಾಡಿದ, ಬ್ಯಾಟರಿಯ ಮೇಲೆ ನಡೆಯುವ ಹೊಸ ಫ್ರಿಜ್ಜು ಸಿಕ್ಕಿತು. ಅಂಗಡಿಯವನು, "ಕೂಡಿಸಾಕ ನಮ್ಮ ಮಂದಿ ಕಳಸಲೇನ್ರಿ?" ಎಂದ.

"ಬ್ಯಾಡ್ರಿ. ನಾ ಕಾಲುವಿ ಆಫೀಸಿನಾಗ ಇದ್ದಾಂವ."

ಅವನು ನನ್ನನ್ನೂ ಫ್ರಿಜ್ಜನ್ನೂ ನೋಡಿದ. ಎರಡಕ್ಕೂ ಸಂಬಂಧ ಏನೆಂದು ಅವನಿಗೆ ತಿಳಿದಂತೆ ಕಾಣಲಿಲ್ಲ.

ಮನೆಗೆ ಬಂದು ಕಾರ್ಯಾಚರಣೆ ಆರಂಭಿಸಿದೆ. ಹಳೆಯ ಫ್ರಿಜ್ಜು ಹೊರಗೆ ಬರಲು ಒಲೆ ಅಡ್ಡ ಬಂತು. ಒಲೆ ಕಿತ್ತೆ. ಮಂಚ ಅಡ್ಡ ಬಂತು. ಮಂಚ ಸರಿಸಿದೆ. ಕೊನೆಗೆ ಪಕ್ಕದ ಬಾಗಿಲಲ್ಲಿ ಫ್ರಿಜ್ಜು ಸಿಕ್ಕಿಹಾಕಿಕೊಂಡಿತು. ದೇವರ ಹೆಸರು ಹೇಳಿ ಜೋರಾಗಿ ನೂಕಿದೆ. ಫ್ರಿಜ್ಜು ಹೊರಬಂತು. ಜೊತೆಗೆ ಗಾಡಿಯ ಬಾಗಿಲೂ ಬಂತು!

"ಇನ್ನ ಹತ್ತೂದು ಎಲ್ಲಿಂದ್ರಿ?" ಎಂದಳು ಸುವರ್ಣ.

"ಹಿಂದಿನ ಬಾಗಲಾ ಇಲ್ಲೇನು?" ಎಂದು ಮುರಿದ ಬಾಗಿಲನ್ನು ಇದ್ದಲ್ಲೇ ಇಟ್ಟು ಹಗ್ಗದಿಂದ ಬಿಗಿದೆ.

ಹೊಸ ಫ್ರಿಜ್ಜು ಮಾತ್ರ ಮದುವಣಗಿತ್ತಿಯಂತೆ ಮೆಲ್ಲಗೆ ಒಳಗೆ ಬಂದು ಕೂತಿತು. ನಾನು ಬೆವರು ಒರೆಸಿಕೊಂಡು ಸಂಭ್ರಮಿಸುವಷ್ಟರಲ್ಲಿ ಪಕ್ಕದ ಮನೆಯ ಬಸಣ್ಣ ಮಾಸ್ತರರು ಬಂದರು. ಡ್ರಾಯಿಂಗ್ ಕಲಿಸಿ ನಿವೃತ್ತರಾದ ಇವರು ಈಗ ದಿನಾ ಬೆಳಿಗ್ಗೆ ಟಿವಿಯಲ್ಲಿ ವಾಸ್ತು ನೋಡುತ್ತಾರೆ. ಸಂಜೆಯೊಳಗೆ ಅದನ್ನು ಓಣಿಗೆ ಹಂಚುತ್ತಾರೆ.

"ಎಲ್ಲಾ ಛಲೋ ಅದ," ಎಂದರು ಮಾಸ್ತರರು, "ಆದ್ರ ಫ್ರಿಜ್ಜಿನ ಬಾಗಲಾ ದಕ್ಷಿಣಕ್ಕ ಆಗ್ಯಾದಲ್ರಿ. ಉಣ್ಣೂ ಪದಾರ್ಥ ಯಮನ ಕಡಿ ಮುಖ ಮಾಡಿ ಇಡ್ತಾರೇನ್ರಿ?"

ಸುವರ್ಣಳ ಮುಖ ಸಣ್ಣದಾಯಿತು. ನಾನಾದರೂ, ಇದು ಗಾಡಿ, ಇದಕ್ಕೆ ಗಾಲಿಗಳಿವೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಯಾಕೆಂದರೆ ನನಗೂ ಒಳಗೊಳಗೆ ಅಳುಕಾಯಿತು. ಹಳೆಯ ಫ್ರಿಜ್ಜೂ ದಕ್ಷಿಣಕ್ಕೇ ಇತ್ತು, ಅದಕ್ಕೇ ಕೆಟ್ಟಿತು ಎಂದು ಒಂದು ಸಂಶೋಧನೆಯನ್ನೂ ಮಂಡಿಸಿದೆ.

ಫ್ರಿಜ್ಜನ್ನು ತಿರುಗಿಸಿ ಪೂರ್ವಕ್ಕೆ ಮುಖ ಮಾಡಿದೆವು. ಈಗ ಅದರ ಬಾಗಿಲು ಗಾಡಿಯ ಹಿಂಭಾಗ ನೋಡುತ್ತಿತ್ತು. ತೆಗೆದರೆ ಮಂಚಕ್ಕೆ ಬಡಿಯಿತು. ಮಂಚದ ಮೂಲೆ ಕೊಯ್ದೆ.

"ಮಲಗಿದವರು ಕಾಲ ಎಲ್ಲಿ ಇಡಬೇಕ್ರಿ?" ಎಂದಳು ಸುವರ್ಣ.

"ಮಡಚಬೇಕು," ಎಂದೆ.

ಮರುದಿನ ಯಾದಗಿರಿಯಿಂದ ಬಂದ ಅಕ್ಕ, ಷಡ್ಡಕ, ಕರೆಯದೆಯೇ ಬಂದ ಮಾಸ್ತರರು ಎಲ್ಲರೂ ಹಿಂದಿನ ಬಾಗಿಲಿನಿಂದ ಹತ್ತಿದರು. ಹಾದಿಯುದ್ದಕ್ಕೂ ಕಾಲುವೆ ನೀರಿನ ಗದ್ದೆಗಳು ಹಸಿರಾಗಿದ್ದವು. ನನ್ನ ಖುಷಿಗೆ ಮಿತಿಯೇ ಇರಲಿಲ್ಲ. ಎಲ್ಲ ಕೆಲಸಕ್ಕೂ ಅಧಿಕಾರಿಗಳನ್ನು ಕಾಯುವ ದೇಶದಲ್ಲಿ ಒಬ್ಬ ಗುಮಾಸ್ತ ಸ್ವಂತ ಕೈಯಿಂದ ಫ್ರಿಜ್ಜು ಕೂಡಿಸಿ ಹೊರಟಿದ್ದ. ದೇವಾಪುರ ದಾಟುವಾಗ ಸುಮ್ಮನೆ ಹಾರ್ನ್ ಹೊಡೆದೆ. ಎದುರಿಗೆ ಯಾರೂ ಇರಲಿಲ್ಲ.

ತಿಂಥಣಿಯಲ್ಲಿ ದರ್ಶನ ಮುಗಿಸಿ ಗಾಡಿಯನ್ನು ಹೊಳೆಯ ದಂಡೆಗೆ ತಂದು ನಿಲ್ಲಿಸಿದೆ. ಸುವರ್ಣ ಅರಿಷಿಣ ಕುಂಕುಮದ ಬಟ್ಟಲು ಹಿಡಿದು ಫ್ರಿಜ್ಜಿನ ಮುಂದೆ ನಿಂತಳು. ಹೊಸ ಫ್ರಿಜ್ಜಿನಿಂದ ಮೊದಲ ಮಜ್ಜಿಗೆ ಅಕ್ಕನಿಗೆ! ಕೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡಳು.

"ಮಾಸ್ತರ, ಈಗ ಬಾಗಲಾ ಯಾವ ದಿಕ್ಕಿಗೆ ಅದರಿ?"

ಮಾಸ್ತರರು ಕೆಳಗಿಳಿದು ಸೂರ್ಯನನ್ನು ನೋಡಿದರು. ಫ್ರಿಜ್ಜನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ದಕ್ಷಿಣ," ಎಂದರು.

ಫ್ರಿಜ್ಜನ್ನು ಗಾಡಿಯ ನೆಲಕ್ಕೆ ಬೋಲ್ಟು ಹಾಕಿ ಬಿಗಿದಾಗಿತ್ತು. ಇನ್ನು ತಿರುಗಿಸಬೇಕಾದದ್ದು ಗಾಡಿಯನ್ನೇ. ಸ್ಟೇರಿಂಗ್ ಹಿಡಿದು ಕೂತೆ. ಹಿಂದಿನ ಬಾಗಿಲು ಪೂರಾ ತೆರೆದು, ಮಾಸ್ತರರು ಹೊರಗಿನಿಂದ ಫ್ರಿಜ್ಜಿನ ಮುಖ ನೋಡುತ್ತಾ ದಿಕ್ಕು ಹೇಳತೊಡಗಿದರು. "ಜರಾ ಬಲಕ್ಕ ಹೊಡೀರಿ. ಹಿಂದ ಬರ್ರಿ. ಇನ್ನ ಹಿಂದ ಬರ್ರಿ. ಈಗ ಆಗ್ನೇಯಕ್ಕ ಅದ, ಒಲಿಗಾದ್ರ ನಡೀತಿತ್ತು." ಜಳಕಕ್ಕೆ ಬಂದ ಜನ ಸುತ್ತಲೂ ಸೇರಿದರು. "ಡಾಕ್ಟರ್ ಬಂದಾರೇನ್ರಿ? ಬಿ.ಪಿ. ನೋಡ್ತಾರೇನ್ರಿ?" ಎಂದು ಒಬ್ಬಾಕೆ ನಮ್ಮದನ್ನು ಆಸ್ಪತ್ರೆಯ ಗಾಡಿ ಎಂದು ತಿಳಿದು ತೋಳು ಮುಂದೆ ಮಾಡಿಯೇ ನಿಂತಳು.

"ಬಂತು! ಬರೋಬರಿ ಪೂರ್ವ!" ಎಂದರು ಮಾಸ್ತರರು.

ಅದೇ ಗಳಿಗೆಯಲ್ಲಿ ಹಿಂದಿನ ಗಾಲಿಗಳು ಮರಳಿನಲ್ಲಿ ಹೂತವು.

ಶರಣಪ್ಪ ಭಾರೀ ಆಳು. "ಅದಕ್ಯಾಕ ಇಷ್ಟು ವಿಚಾರ? ನಾ ದಬ್ತೀನಿ, ನೀವು ರೇಸ್ ಮಾಡ್ರಿ," ಎಂದು ತೆರೆದ ಬಾಗಿಲ ಬಳಿ ಭುಜ ಕೊಟ್ಟು ನಿಂತರು. ನಾನು ಇದ್ದ ಬಲವನ್ನೆಲ್ಲ ಕಾಲಿಗೆ ತಂದು ಆಕ್ಸಿಲರೇಟರ್ ಒತ್ತಿದೆ. ಒಳಗೆ ಸುವರ್ಣ, ದಿಕ್ಕು ಕೂಡಿಬಂದ ಮೇಲೆ ತಡ ಮಾಡಬಾರದೆಂದು, ಆಗಲೇ ಕುಂಕುಮ ಹಚ್ಚಿ ಫ್ರಿಜ್ಜಿನ ಬಾಗಿಲು ತೆಗೆದಿದ್ದಳು. ಗಾಡಿ ಒಮ್ಮೆ ಮುಂದಕ್ಕೆ ಜಿಗಿಯಿತು. ಮಜ್ಜಿಗೆಯ ಡಬರಿ ಹಿಂದಕ್ಕೆ ಹಾರಿತು. ಕೊಯ್ದ ಮಂಚದ ಮೂಲೆಯಲ್ಲಿ ಎಲ್ಲಿಯೂ ತಡೆಯದೆ ಸಾಗಿ, ಶರಣಪ್ಪನವರ ತಲೆಯ ಮೇಲೆ ಖಾಲಿಯಾಯಿತು!

ನಾನು ಕನ್ನಡಿಯಲ್ಲಿ ನೋಡಿದೆ. ಶರಣಪ್ಪನವರ ಮೀಸೆಯ ಮೇಲೆ ಕೊತ್ತಂಬರಿ ಇತ್ತು. ಗಾಡಿ ಹೋಯಿತು, ನನ್ನ ತಿರುಗಾಟವೂ ಹೋಯಿತು ಎಂದುಕೊಂಡೆ.

ಶರಣಪ್ಪ ಮುಖ ಒರೆಸಿಕೊಂಡು ನಿಧಾನವಾಗಿ ಹೇಳಿದರು, "ಭಾಳ ತಣ್ಣಗ ಅದ ಬಿಡ್ರಿ."

ನಾಗಮ್ಮ ಡಬರಿಯ ತಳದಲ್ಲಿ ಉಳಿದದ್ದನ್ನು ಅಂಗೈಗೆ ಹಾಕಿಕೊಂಡು ಕುಡಿದರು. "ಉಪ್ಪು ಕಮ್ಮಿ ಆಗ್ಯಾದ. ಆದ್ರ ಖರೇನ ಬರ್ಫ ಇದ್ದಂಗ ಅದ ನೋಡು ಸುವರ್ಣಾ. ನಮ್ಮ ಮನ್ಯಾನ ಫ್ರಿಜ್ಜ ಹಿಂಗ ತಣ್ಣಗ ಮಾಡಂಗಿಲ್ಲ."

ಸುವರ್ಣಳ ಮುಖ ಅರಳಿತು. ನನಗೆ ಸ್ಟೇರಿಂಗಿಗೇ ಮುತ್ತು ಕೊಡಬೇಕೆನಿಸಿತು. ಗದ್ದೆಯಿಂದ ಬಂದ ಯಾರದೋ ಟ್ರ್ಯಾಕ್ಟರ್ ನಮ್ಮನ್ನು ಎಳೆದು ರಸ್ತೆಗೆ ಬಿಟ್ಟಿತು. ನಾನು ಸುರಪುರದವರೆಗೆ ಹಾಡುತ್ತಾ ಬಂದೆ. ಮನೆಯ ಮುಂದೆ ಗಾಡಿ ನಿಲ್ಲಿಸಿದ ಕೂಡಲೇ ಸುವರ್ಣ ಮಾಸ್ತರರಿಂದ ದಿಕ್ಕು ತಪಾಸಣೆ ಮಾಡಿಸಿದಳು. ಬರೋಬರಿ ಪೂರ್ವವಿತ್ತು. ಆಕೆ ಫ್ರಿಜ್ಜಿನ ಬ್ಯಾಟರಿಗೆ ಮನೆಯಿಂದ ಕರೆಂಟಿನ ವೈರು ಎಳೆಸಿದಳು. ನಾಲ್ಕೂ ಗಾಲಿಗಳಿಗೆ ಕಲ್ಲು ಕೊಡಿಸಿದಳು.

"ಗಾಡಿ ಮಾರೂದು ಬ್ಯಾಡ್ರಿ," ಎಂದಳು. ನಾನು ಕುಣಿಯುವುದರಲ್ಲಿದ್ದೆ. "ಇಂಥ ತಂಪು ಕೊಡೂ ಫ್ರಿಜ್ಜ ಎಲ್ಲಿ ಸಿಗತದ? ಆದ್ರ ದಿಕ್ಕು ಕೆಡತದ, ಇಲ್ಲಿಂದ ಅಲುಗಾಡಿಸಬ್ಯಾಡ್ರಿ."

ಅಂದಿನಿಂದ ಗಾಡಿ ಅಲ್ಲೇ ಇದೆ, ನಾನೂ ಇಲ್ಲೇ ಇದ್ದೇನೆ. ಮೊನ್ನೆ ಡ್ರೈವರ್ ಸೀಟಿನಲ್ಲಿ ಕೂತು ಸ್ಟೇರಿಂಗ್ ಮೇಲೆ ಕೈಯಾಡಿಸುತ್ತಿದ್ದಾಗ ದಾರಿಯಲ್ಲಿ ಹೋಗುವವರೊಬ್ಬರು ನಿಂತು, "ಏನ್ರಿ ಸಾಹೇಬ್ರ, ಎಲ್ಲಿಗಿ ಹೊಂಟೀರಿ?" ಎಂದು ಕೇಳಿದರು.

"ಎಲ್ಲಿಗೂ ಇಲ್ರಿ," ಎಂದೆ. "ಮೊಸರು ಒಯ್ಯಾಕ ಬಂದೀನಿ."