ಗೋಡೆಯ ಮೇಲಿನ ಮೇಷ್ಟ್ರು

ಥರ್ಮೋಸ್ಟಾಟ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಹೋದ ತಿಂಗಳ ಒಂದು ಬುಧವಾರ, ಮೊಮ್ಮಗಳ ಬಟ್ಟೆ ಮಡಿಸುತ್ತಾ ಕೂತಿದ್ದಾಗ. ಸೊಸೆ ಒಂದು ಪೆಟ್ಟಿಗೆ ಹಿಡಿದು ಬಂದಳು. ಒಳಗೆ ಬಿಳಿಯ, ಗುಂಡಗಿನ, ಸಣ್ಣ ತಟ್ಟೆಯಂಥ ಒಂದು ವಸ್ತು.

“ಅತ್ತೆ, ಇದು ಗೋಡೆ ಮೇಲೆ ಕೂತ್ಕೊಂಡು ಕೋಣೆ ಎಷ್ಟು ಬೆಚ್ಚಗಿದೆ ಅಂತ ನೋಡುತ್ತೆ. ಸಾಲದಿದ್ರೆ ಹೀಟರಿಗೆ ಹೇಳುತ್ತೆ. ನಾನು ಕೆಲಸದಲ್ಲಿದ್ರೂ ನನ್ನ ಫೋನಿಗೆ ವರದಿ ಕಳಿಸುತ್ತೆ.”

“ತಾನು ಕೂತಲ್ಲೇ ಕೂತು ಬೇರೆಯವರ ಕೈಲಿ ಕೆಲಸ ಮಾಡಿಸೋದು, ಆಮೇಲೆ ಮನೆಯವರಿಗೆ ಚಾಡಿ ಹೇಳೋದು! ನಮ್ಮ ಸ್ಕೂಲ್ ಮೇಷ್ಟ್ರು ಇದ್ದ ಹಾಗೇ ಇದೆಯಲ್ಲೇ!” ಎಂದೆ.

ನಾನು ಓದಿದ್ದು ಮೂರನೇ ಕ್ಲಾಸು. ಬಾಯಲ್ಲಿ ಉಳಿದಿರುವುದು ಆರು ಹಲ್ಲು. ಥರ್ಮೋಸ್ಟಾಟ್ ಎನ್ನಲು ಹೋದರೆ ಎದುರಿಗಿದ್ದವರು ಮುಖ ಒರೆಸಿಕೊಳ್ಳಬೇಕಾಗುತ್ತದೆ. ಹಾಗಾಗಿ ಅವತ್ತಿನಿಂದ ಅದು ನಮ್ಮ ಮನೆಯಲ್ಲಿ ಮೇಷ್ಟ್ರಾಯಿತು.

ಮೇಷ್ಟ್ರನ್ನು ತಂದದ್ದು ಚಂದಕ್ಕಲ್ಲ. ಮೊಮ್ಮಗಳು, ಗುಬ್ಬಿ ಎನ್ನುತ್ತೇವೆ, ಆರು ವಾರ ಮುಂಚೆಯೇ ಅವಸರ ಮಾಡಿಕೊಂಡು ಬಂದವಳು. ಅವಳ ಕೋಣೆ ಇಪ್ಪತ್ತೆರಡು ಡಿಗ್ರಿಗಿಂತ ಕೆಳಗಿಳಿಯಬಾರದೆಂದು ಡಾಕ್ಟರು ಹೇಳಿದ್ದರು. ಮಗ ಸರಕು ಹಡಗಿನಲ್ಲಿ ಸಮುದ್ರದ ಮೇಲೆ. ಸೊಸೆ ಹಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಸೋಮವಾರ ಅವಳ ರಜೆ ಮುಗಿಯುತ್ತಿತ್ತು.

“ಸೋಮವಾರದೊಳಗೆ ಇದು ಸರಿಯಾಗಿ ನಡೆದ್ರೆ ಗುಬ್ಬಿ ನಿಮ್ಮ ಹತ್ರಾನೇ ಇರ್ತಾಳೆ ಅತ್ತೆ. ಇಲ್ದಿದ್ರೆ ಶಿಶುಪಾಲನಾ ಮನೆಗೆ. ಹೆಸರು ಬರೆಸಿ ಬಂದಿದೀನಿ. ಬೇಜಾರು ಮಾಡ್ಕೋಬೇಡಿ.”

ಬೇಜಾರೇ! ಆಗದೆ ಇರುತ್ತದೆಯೇ? ಆದರೆ ತೋರಿಸಿಕೊಳ್ಳುವವಳೇ ನಾನು? ಸೆರಗು ಸಿಕ್ಕಿಸಿಕೊಂಡು ನಿಂತೆ.

“ನಾನ್ಯಾರು ಗೊತ್ತಾ? ನಲವತ್ತೆರಡು ವರ್ಷ ಬಾಯ್ಲರ್ ಮೇಸ್ತ್ರಿ ಜೊತೆ ಸಂಸಾರ ಮಾಡಿದವಳು! ಈ ತಟ್ಟೆಯನ್ನ ದಾರಿಗೆ ತರದಿದ್ರೆ ನನ್ನ ಹೆಸರು ಬದಲಾಯಿಸು!”

ಇದು ಬರೀ ಜಂಭವಲ್ಲ ನೋಡಿ. ನಮ್ಮ ಯಜಮಾನರು ದೊಡ್ಡದೊಂದು ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಊರಿನ ಅರ್ಧದಷ್ಟು ಹಾಸಿಗೆ ಬಟ್ಟೆ ಅವರ ಹಬೆಯಲ್ಲಿ ಬೆಂದು ಬೆಳ್ಳಗಾಗಿ ಹೋಗುತ್ತಿತ್ತು. ಸಂಜೆ ಮನೆಗೆ ಬಂದು ಹೊಸ್ತಿಲಲ್ಲಿ ನಿಂತು, ಕಿವಿಯ ತುದಿ ಮುಟ್ಟಿಕೊಂಡು, “ಹತ್ತೊಂಬತ್ತು” ಎನ್ನುತ್ತಿದ್ದರು. ಗೋಡೆಯ ಥರ್ಮಾಮೀಟರು ಹತ್ತೊಂಬತ್ತೂವರೆ ತೋರಿಸಿದರೆ ಥರ್ಮಾಮೀಟರಿಗೆ ಬೈಗುಳ! ಅವರ ಅಂಗಿಯಲ್ಲಿ ಸೋಪು, ಕಲ್ಲಿದ್ದಲು, ಬಿಸಿ ಕಬ್ಬಿಣ ಮೂರೂ ಸೇರಿದ ಒಂದು ವಾಸನೆ ಇರುತ್ತಿತ್ತು. ಎಷ್ಟು ಒಗೆದರೂ ಹೋಗದು. ಹೋಗಲೆಂದು ನಾನೂ ಅಷ್ಟೇನೂ ಉಜ್ಜುತ್ತಿರಲಿಲ್ಲವೆನ್ನಿ.

ಲಾಂಡ್ರಿ ಕೆಡವಿದ ದಿನ ಕೆಲಸದವರೆಲ್ಲ ನೆನಪಿಗೆಂದು ಒಂದೊಂದು ವಸ್ತು ಮನೆಗೆ ಒಯ್ದರು. ಒಬ್ಬರು ಗಂಟೆ ತಂದರು, ಒಬ್ಬರು ಬೀಗದ ಕೈ ತಂದರು. ಇವರು ಬಾಯ್ಲರ್ ಕೋಣೆಯ ಕಬ್ಬಿಣದ ಬಾಗಿಲನ್ನೇ ತಂದರು! ಐದು ಜನ ಕೈಗಾಡಿ ತಳ್ಳುತ್ತಾ, ಇವರು ಮುಂದೆ ಮದುಮಗನ ಹಾಗೆ ನಡೆಯುತ್ತಾ ಬಂದದ್ದನ್ನು ಬೀದಿಗೆ ಬೀದಿಯೇ ನೋಡಿತು. ಅದನ್ನು ಹಜಾರಕ್ಕೂ ಒಳಗಿನ ಕೋಣೆಗಳಿಗೂ ನಡುವೆ ಕೂರಿಸಿದರು. ಹಜಾರದ ಗಾಳಿ ಒಳಗೆ ಬರಬಾರದಂತೆ, ಒಳಗಿನ ಶಾಖ ಹೊರಗೆ ಹೋಗಬಾರದಂತೆ. ಹಾಕಿದರೆ ಢಂ ಎಂದು ಮನೆಯೇ ಒಮ್ಮೆ ಕೆಮ್ಮಿದ ಹಾಗಾಗುತ್ತದೆ. ಅವರು ಹೋಗಿ ಹನ್ನೊಂದು ವರ್ಷವಾಯಿತು. ಆ ಢಂ ಮಾತ್ರ ದಿನಕ್ಕೆ ಮೂವತ್ತು ಸಲ ಇದೆ. ನನ್ನ ಸೊಸೆ ಬಂಗಾರದಂಥವಳು, ಒಂದೇ ಕೊರತೆ. ಅವಳಿಗೆ ಬಾಗಿಲು ತೆರೆಯಲು ಬರುತ್ತದೆ, ಹಾಕಲು ಬರುವುದಿಲ್ಲ.

ಗುರುವಾರ ಬೆಳಿಗ್ಗೆ ಮೇಷ್ಟ್ರು ಗುಬ್ಬಿಯ ಕೋಣೆಯ ಗೋಡೆ ಹತ್ತಿದರು. ಇಂಟರ್ನೆಟ್ ಡಬ್ಬಿ ಹಜಾರದಲ್ಲಿ, ಹಳೆಯ ಟೆಲಿಫೋನಿನ ಪಕ್ಕದಲ್ಲಿ ಮಿಣಮಿಣ ಅನ್ನುತ್ತಿತ್ತು. ಸೊಸೆ ಪರೀಕ್ಷೆಗೆಂದು ಅಂಗಡಿಗೆ ಹೊರಟಳು. ನಾನು ಗುಬ್ಬಿಯನ್ನೆತ್ತಿಕೊಂಡು ಒಳಗೆ ಬಂದೆ. ಹತ್ತು ನಿಮಿಷವಾಗಿಲ್ಲ, ಟೆಲಿಫೋನು ಬಡಿದುಕೊಂಡಿತು. ಓಡಿಹೋಗಿ ಎತ್ತಿದೆ.

“ಅತ್ತೆ, ಆಫ್‌ಲೈನ್!”

“ಯಾರು?”

“ಮೇಷ್ಟ್ರು! ವರದಿ ನಿಂತೋಗಿದೆ... ಇರಿ ಇರಿ... ಬಂತು! ಏನ್ಮಾಡಿದ್ರಿ?”

“ಏನಿಲ್ಲಮ್ಮ, ಸ್ವಲ್ಪ ಗದರಿಸಿದೆ,” ಎಂದೆ. ಒಂದು ಮಾತೂ ಆಡಿರಲಿಲ್ಲ. ಆದರೆ ಕೀರ್ತಿ ತಾನಾಗಿ ಬಂದಾಗ ಬೇಡ ಎನ್ನುವುದು ಹೇಗೆ!

ಕಾಲು ಗಂಟೆಗೆ ಮತ್ತೆ ಫೋನು. ಮತ್ತೆ ಆಫ್‌ಲೈನ್. ನಾನು ಫೋನೆತ್ತಿದ ಕೂಡಲೇ ಮತ್ತೆ ಹಾಜರು! ಆ ದಿನ ಐದು ಸಲ ಹೀಗಾಯಿತು. ಸೊಸೆ ಮನೆಗೆ ಬಂದ ಮೇಲೆ ಮೇಷ್ಟ್ರು ತುಟಿಪಿಟಕ್ಕೆನ್ನದೆ ಕೆಲಸ ಮಾಡಿದರು.

“ಇದಕ್ಕೆ ನನ್ನ ಕಂಡ್ರೆ ಆಗಲ್ಲ ಕಣೇ,” ಎಂದೆ.

“ಯಂತ್ರಕ್ಕೆ ಅತ್ತೆ ಸೊಸೆ ಅಂತೆಲ್ಲ ಗೊತ್ತಾಗಲ್ಲ ಅತ್ತೆ!”

ಶುಕ್ರವಾರ ಕಂಪನಿಗೆ ಫೋನು ಹಚ್ಚಿದೆ. ಜೇನಿನಂಥ ದನಿಯ ಒಬ್ಬ ಹುಡುಗಿ. ಯಂತ್ರದ ಎದುರಿಗೆ ನಿಂತು ಮಾತಾಡಬೇಕಂತೆ. ಯಜಮಾನರು ಒಂದು ಕಾಲದಲ್ಲಿ ಟೆಲಿಫೋನಿಗೆ ಹದಿನೈದು ಗಜ ವೈರು ಕಟ್ಟಿದ್ದರು, ನಾನು ಒಲೆ ಬಿಡದೆ ತಂಗಿಯ ಜೊತೆ ಹರಟಲಿ ಎಂದು. ಅದನ್ನೆಳೆದುಕೊಂಡು, ಬಾಗಿಲು ದಾಟಿ, ಗುಬ್ಬಿಯ ಕೋಣೆಗೆ ಬಂದೆ.

“ಆರಿಸಿ, ಮತ್ತೆ ಹಚ್ಚಿ ಮೇಡಂ.”

ಮಾಡಿದೆ.

“ಈಗ ಹಸಿರು ದೀಪ ಇದೆಯಾ?”

“ಇದೆ ತಾಯಿ, ನಿನ್ನ ಹೊಟ್ಟೆ ತಣ್ಣಗಿರಲಿ!”

ಫೋನನ್ನು ಹಜಾರದಲ್ಲಿಟ್ಟು, ಒಳಗೆ ಬಂದು, ಬಾಗಿಲು ಹಾಕಿ ನೋಡಿದರೆ ಕೆಂಪು ದೀಪ! ಮತ್ತೆ ಹಚ್ಚಿದೆ. ಮಾತಾಡುವಷ್ಟು ಹೊತ್ತೂ ಹಸಿರು. ಇಟ್ಟು ಬಂದರೆ ಕೆಂಪು. ನಾಲ್ಕನೇ ಸಲಕ್ಕೆ ಆ ಹುಡುಗಿಗೆ ನನ್ನ ಮಂಡಿನೋವಿನ ಕಥೆ ಪೂರ್ತಿ ಗೊತ್ತಾಗಿತ್ತು.

ನನಗೆ ಆಗ ಜ್ಞಾನೋದಯವಾಯಿತು. ಮೇಷ್ಟ್ರಿಗೆ ಬೇಕಾದದ್ದು ಮಾತು! ನಾಲ್ಕು ಜನರ ದನಿ ಕೇಳುತ್ತಿದ್ದರೆ ಜೀವ, ಇಲ್ಲದಿದ್ದರೆ ಮುನಿಸು. ಇಂಥವರೊಬ್ಬರನ್ನು ನಾನು ಬಲ್ಲೆ. ನಿವೃತ್ತಿಯಾದ ಮೇಲೆ ಯಜಮಾನರು ಹೀಗೇ ಗೋಡೆಗೆ ಒರಗಿ ಕೂತಿರುತ್ತಿದ್ದರು. ನಾನು ಏನಾದರೂ ಕೇಳಿದರೆ ಮುಖ ಅರಳುತ್ತಿತ್ತು. ಎದ್ದು ಹೋದರೆ ಆರಿತು.

ಶನಿವಾರ ಇಡೀ ಬೆಳಿಗ್ಗೆ ಕುರ್ಚಿ ಹಾಕಿಕೊಂಡು, ಬಾಗಿಲು ಭದ್ರವಾಗಿ ಹಾಕಿಕೊಂಡು ಮೇಷ್ಟ್ರ ಜೊತೆ ಮಾತಾಡಿದೆ. ಲಾಂಡ್ರಿಯ ಸೈರನ್ನು, ಹಬೆಯಲ್ಲಿ ಮಸುಕಾಗುತ್ತಿದ್ದ ಕಿಟಕಿ, ಅದರ ಮೇಲೆ ಇವರು ಬೆರಳಿನಲ್ಲಿ ಬರೆದು ನನಗೆ ಕಲಿಸಿದ ಇಂಗ್ಲಿಷ್ ಅಕ್ಷರ, ಎಲ್ಲ ಹೇಳಿದೆ. ಗುಬ್ಬಿ ಕಣ್ಣರಳಿಸಿ ಕೇಳಿದಳು. ಮೇಷ್ಟ್ರ ದೀಪ ಕೆಂಪು ಬಿಟ್ಟು ಕದಲಲಿಲ್ಲ!

ಮಧ್ಯಾಹ್ನ ಕಂಪನಿ ಕಳಿಸಿದ ಮೆಕ್ಯಾನಿಕ್ ಬಂದ. ತನ್ನ ಸಾಮಾನಿನ ಪೆಟ್ಟಿಗೆಯನ್ನು ಬಾಗಿಲಿನ ನಡುವೆಯೇ ಇಟ್ಟ. ನೋಡಿದರೆ ಹಸಿರು!

“ಏನೂ ಆಗಿಲ್ಲವಲ್ಲ ಅಮ್ಮ?”

“ನಿನ್ನ ಕಂಡು ನಾಟಕ ಆಡ್ತಿದೆಯಪ್ಪ!”

ಅವನು ಪೆಟ್ಟಿಗೆ ಎತ್ತಿಕೊಂಡು ಹೊರಟ. ಅವನ ಹಿಂದೆ ಢಂ. ಕೆಂಪು! ಗೇಟಿನವರೆಗೆ ಓಡಿ ಎಳೆದುಕೊಂಡು ಬಂದೆ. ಹಸಿರು! ಹೋದ. ಕೆಂಪು! ಮೂರನೇ ಸಲ ಎಳೆದು ತಂದಾಗ ಅವನು ಮೇಷ್ಟ್ರನ್ನು ಬಿಟ್ಟು ನನ್ನನ್ನೇ ಪರೀಕ್ಷೆ ಮಾಡುವವನ ಹಾಗೆ ನೋಡಿದ.

“ಮನೇಲಿ ಬೇರೆ ಯಾರಾದ್ರೂ ಇದಾರಾ ಅಮ್ಮ?”

ಇದ್ದಳು. ಸೊಸೆ ಹಜಾರದಲ್ಲಿ ಫೋನು ಹಿಡಿದು ನಿಂತಿದ್ದಳು. “ಸಾಕು ಅತ್ತೆ. ಸೋಮವಾರ ಶಿಶುಪಾಲನಾ ಮನೆಗೇ ಕರ್ಕೊಂಡು ಹೋಗ್ತೀನಿ,” ಎಂದಳು, ಮೆಲ್ಲಗೆ. ಗದರಿದ್ದರೆ ಗದರಿಸಬಹುದಿತ್ತು. ಗುಬ್ಬಿಯನ್ನು ಅಪ್ಪಿಕೊಂಡು ಒಳಗೆ ಬಂದು ಬಾಗಿಲು ಹಾಕಿಕೊಂಡೆ.

“ಹೋಯ್ತು!” ಸೊಸೆ ಆಚೆಯಿಂದ ಕೂಗಿದಳು.

ಗಾಬರಿಯಿಂದ ತೆರೆದೆ. “ಏನು ಹೋಯ್ತು?”

“ಬಂತು!”

“ಏನು ಬಂತೇ?”

ಮೆಕ್ಯಾನಿಕ್ ಕೈ ಮೇಲೆತ್ತಿದ. “ಅಮ್ಮ, ಬಾಗಿಲು ಹಾಕಿ.”

ಢಂ.

“ಹೋಯ್ತು!”

“ತೆಗೀರಿ.”

“ಬಂತು!”

ಗುಬ್ಬಿಗೆ ಆಟವೆನಿಸಿ ಕೈಕಾಲು ಬಡಿದಳು. ಮೆಕ್ಯಾನಿಕ್ ಬೆರಳ ಗಂಟಿನಿಂದ ಬಾಗಿಲನ್ನು ತಟ್ಟಿದ. “ಇದೇನು, ಬ್ಯಾಂಕಿಂದ ತಂದಿದ್ದಾ? ಎರಡು ಬೆರಳು ದಪ್ಪ ಕಬ್ಬಿಣ! ಡಬ್ಬಿ ಆಚೆ, ಯಂತ್ರ ಈಚೆ. ಸುದ್ದಿ ಹೇಗಮ್ಮ ದಾಟಬೇಕು?”

ಮೂರು ದಿನ ಮೇಷ್ಟ್ರನ್ನು ಬೈದದ್ದು, ಕಂಪನಿಯ ಹುಡುಗಿಗೆ ಹೇಳಿದ ಮಂಡಿನೋವು, ಗೇಟಿಗೆ ಓಡಿದ ಮೂರು ಓಟ, ಎಲ್ಲ ಒಟ್ಟಿಗೆ ನೆನಪಾಗಿ ಮುಖ ಎಲ್ಲಿಡಲೆಂದು ತಿಳಿಯಲಿಲ್ಲ. ಸೊಸೆ ನಕ್ಕಳು. ನಕ್ಕು ನಕ್ಕು ಗೋಡೆಗೆ ಒರಗಿದಳು.

“ಗುಬ್ಬಿ ಮನೇಲೇ ಇರ್ಲಿ ಅತ್ತೆ. ಒಂದೇ ಷರತ್ತು. ಬಾಗಿಲು ತೆರೆದಿರಬೇಕು. ಹಾಕಿದ್ರೆ ಕೆಲಸದಲ್ಲಿರೋ ನನಗೆ ಆ ಕ್ಷಣವೇ ಗೊತ್ತಾಗುತ್ತೆ!”

ಸೋಮವಾರ ಅವಳು ಹೊರಟಳು. ಯಜಮಾನರ ಬೂಟುಗಳಲ್ಲಿ ಒಂದನ್ನು ತಂದು ಬಾಗಿಲಿಗೆ ಅಡ್ಡವಿಟ್ಟೆ. ಅವರ ಬಾಗಿಲನ್ನು ತಡೆಯಲು ಅವರ ಕಾಲೇ ಬೇಕಿತ್ತು! ಮೇಷ್ಟ್ರು ಇಪ್ಪತ್ತೆರಡು ತೋರಿಸುತ್ತಾ ಹಸಿರಾಗಿ ಕೂತಿದ್ದರು. ನನ್ನ ಕೈ ಮಾತ್ರ ತುರಿಸುತ್ತಿತ್ತು. ಹನ್ನೊಂದು ಗಂಟೆಗೆ ಸೊಸೆಯ ಫೋನು.

“ಎಲ್ಲ ಸರಿಯಾಗಿದೆ ಅತ್ತೆ. ಏನ್ಮಾಡ್ತಿದೀರಿ?”

“ಬಾಗಿಲು ಕಾಯ್ತಿದೀನಿ.”

“ಯಾರು ಬರ್ತಾರೆ ಅಂತ?”

“ನಾನೇ ಹೋಗಿ ಹಾಕಿಬಿಡ್ತೀನೇನೋ ಅಂತ!”

ಅವಳಿಗೆ ಪೂರ್ತಿ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಆ ಕೊನೆಯ ಸಂಜೆ, ನೋಡುವವರು ಹೊರಡಬೇಕೆಂದು ನರ್ಸಮ್ಮ ಗಂಟೆ ಬಾರಿಸಿದಾಗ, ಯಜಮಾನರು ಬೆರಳಾಡಿಸಿ ನನ್ನನ್ನು ಹತ್ತಿರ ಕರೆದರು. ನಲವತ್ತೆರಡು ವರ್ಷದಲ್ಲಿ ಒಂದು ದಿನವೂ ನನ್ನ ಹತ್ತಿರ ಸಿಹಿ ಮಾತಾಡಿದವರಲ್ಲ. ಇವತ್ತು ಆಡುತ್ತಾರೆ ಎಂದುಕೊಂಡು ಕೂದಲು ಸರಿಮಾಡಿಕೊಂಡು ಬಗ್ಗಿದೆ. ನನ್ನ ಕಿವಿಯ ತುದಿ ಮುಟ್ಟಿ ನೋಡಿದರು. ಆಮೇಲೆ ಹೇಳಿದರು:

“ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗೇ. ಶಾಖ ಹೋಗುತ್ತೆ.”