ಸತು ಕಿತ್ತರೂ ಬಿಚ್ಚದ ಮಡಿಕೆ

ವೇಣುಗೋಪಾಲ ಪ್ರೋಟೀನಿನ ಹಿಂದೆ ಬಿದ್ದದ್ದೇ ಹಿಪ್ಪುನೇರಳೆ ಸೊಪ್ಪಿನಿಂದ ತಪ್ಪಿಸಿಕೊಳ್ಳಲು. ಮೇಲೂರಿನ ಮನೆಯಲ್ಲಿ ಕೋಳಿ ಕೂಗುವ ಮೊದಲೇ ರೇಷ್ಮೆಹುಳುಗಳಿಗೆ ಸೊಪ್ಪು ಕುಯ್ಯಲು ಅವನ ಕೈಗೆ ಕುಡುಗೋಲು ಬರುತ್ತಿತ್ತು. "ನಿನ್ ಕೆಲ್ಸ ಖಾಯಂ ಆದ ದಿನ ಸೊಪ್ಪು ಕುಯ್ಯೋದು ಬಿಡ್ಸ್ತೀನಿ ಕಣೋ" ಎಂದು ತಾಯಿ ಓಬಳಮ್ಮ ಮಾತು ಕೊಟ್ಟಿದ್ದಳು. ಚಿಕ್ಕಬಳ್ಳಾಪುರದ ಖಾಸಗಿ ಕಾಲೇಜೊಂದರಲ್ಲಿ ಪ್ರೋಟೀನ್ ಪಾಠ ಹೇಳುವ ಅತಿಥಿ ಉಪನ್ಯಾಸಕನಾಗಿ ಸವೆದಿದ್ದ ಅವನಿಗೆ ಆ ದಿನ ಇವತ್ತು ಬಂದಿತ್ತು. ಮಧ್ಯಾಹ್ನ ಪ್ರಾಂಶುಪಾಲೆ ರಾಧಾಮಣಿಯವರ ಮುಂದೆ ಒಂದು ಪಾಠ ಮಾಡಿ ಗೆದ್ದರೆ ಕೆಲಸ ಖಾಯಂ.

ಅದಕ್ಕೆಂದು ಒಂದು ಮಾದರಿ ಕಟ್ಟಿದ್ದ. ನಮ್ಮ ರಕ್ತದಲ್ಲಿ ರೋಗಕ್ಕೆ ಕಾವಲು ನಿಂತ ಕಣಗಳಿವೆಯಲ್ಲ, ಅವುಗಳೊಳಗೆ 'ವೈರಿ ಬಂದ' ಎಂದು ಸುದ್ದಿ ಮುಟ್ಟಿಸುವ ಕಿಣ್ವವೊಂದಿದೆ. ಅದರ ಪ್ರೋಟೀನ್ ಸರಪಳಿಯ ಮಡಿಕೆಯೊಂದನ್ನು ಹಿಡಿದಿರುವುದು ಚೂರೇ ಚೂರು ಸತು. ಸತು ಕಳಚಿತೋ, ಮಡಿಕೆ ಬಿಚ್ಚಿತು, ಸುದ್ದಿ ನಿಂತಿತು. ಇದನ್ನು ತೋರಿಸಲು ಚಾಪೆಯ ಮೇಲೆ ಬಿದಿರಿನ ದಬ್ಬೆಯನ್ನು ಸುರುಳಿ ಸುತ್ತಿ, ನಾಲ್ಕು ಕೊಕ್ಕೆ ಇಟ್ಟು, ನಡುವೆ ಹಳೆಯ ಟಾರ್ಚ್ ಸೆಲ್ಲಿನ ಸತುವಿನ ಕವಚ ಸಿಕ್ಕಿಸಿದ್ದ. ಅದನ್ನು ಕಿತ್ತರೆ ಸುರುಳಿ ಪಟಾರನೆ ಬಿಚ್ಚಿಕೊಳ್ಳಬೇಕು.

ಬೆಳಿಗ್ಗೆ ಪಡಸಾಲೆಗೆ ಬಂದು ನೋಡುತ್ತಾನೆ, ಮಾದರಿಯ ತುಂಬ ರೇಷ್ಮೆಹುಳುಗಳು ತಲೆಯಾಡಿಸುತ್ತ ಗೂಡು ಕಟ್ಟುತ್ತಿದ್ದವು!

"ಅಮ್ಮಾ! ಏನಮ್ಮಾ ಇದು?"

"ನಿನ್ನೆ ಸಂಜೆ ಹುಳ ಎಲ್ಲಾ ಒಂದೇ ಸಲ ಹಣ್ಣಾಗಿ ಗೂಡು ಕಟ್ಟೋಕೆ ಬಂದ್ಬಿಟ್ವು. ಚಂದ್ರಿಕೆ ಸಾಲ್ದೆ ಒದ್ದಾಡ್ತಿದ್ದೆ. ನೋಡಿದ್ರೆ ನೀನೇ ಒಂದು ಮಾಡಿಟ್ಟಿದೀಯ. ಹೊಟ್ಟೆ ತಣ್ಣಗಾಯ್ತು ನಾಯ್ನಾ!"

"ಅದು ಚಂದ್ರಿಕೆ ಅಲ್ಲಮ್ಮಾ, ಪ್ರೋಟೀನು!"

"ಏನಾದ್ರೂ ಆಗ್ಲಿ. ಗೂಡು ಕಟ್ಟೋ ಹುಳ ಎತ್ತಿದ್ಯೋ, ಈ ಮನೆ ಮೆಟ್ಲು ಹತ್ಬೇಡ."

ತಾಯಿಯದೂ ತಪ್ಪಲ್ಲ. ಹುಳು ಗೂಡು ಕಟ್ಟುವ ಬಿದಿರಿನ ಸುರುಳಿ ತಟ್ಟಿಯೇ ಚಂದ್ರಿಕೆ. ವೇಣು ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ, ಕೈಗೆ ಬಂದದ್ದೂ ಅದೇ.

ಹೊಸದು ಮಾಡಲು ಹೊತ್ತಿರಲಿಲ್ಲ. ಗೂಡು ಕೊಂಡು ನೂಲು ತೆಗೆಯುವ ಪಕ್ಕದ ಮನೆಯ ಮುಖ್ತಾರ್ ತನ್ನ ಲಗೇಜ್ ಆಟೋದಲ್ಲಿ ಹುಳುಸಮೇತ ಮಾದರಿಯನ್ನು ಏರಿಸಿಕೊಂಡ. ಆಟೋ ಮದುವೆ ಮೆರವಣಿಗೆಯಂತೆ ಹೊರಟಿತು.

"ಸ್ವಲ್ಪ ಜೋರಾಗಿ ಹೋಗು ಮುಖ್ತಾರಣ್ಣಾ!"

"ಕುಲುಕಿದ್ರೆ ಹುಳ ಬೆದರ್ತದೆ ವೇಣು. ಗೂಡು ಕೆಟ್ರೆ ನಂಗೆ ನೂಲು ಬರಲ್ಲ."

"ನಂಗೆ ಕೆಲ್ಸ ಬರಲ್ವಲ್ಲಣ್ಣಾ!"

ದಾರಿಯಲ್ಲಿ ಎಮ್ಮೆಯೊಂದು ಅವರನ್ನು ಹಿಂದಿಕ್ಕಿ ಹೋಯಿತು.

ಕಾಲೇಜು ಮುಟ್ಟಿದಾಗ ರಾಧಾಮಣಿಯವರು ತರಗತಿಯಲ್ಲಿ ವಿದ್ಯಾರ್ಥಿಗಳ ಜೊತೆ ಗಡಿಯಾರ ನೋಡುತ್ತ ಕೂತಿದ್ದರು. ಹಿಂದೆಯೇ ಒಳಗೆ ಬಂದ ಮುಖ್ತಾರ್, "ಮೇಡಂ, ಫ್ಯಾನ್ ಆಫ್ ಮಾಡ್ಸಿ, ಹುಳಕ್ಕೆ ಜೋರು ಗಾಳಿ ಆಗಲ್ಲ" ಎಂದ. ಪಾಪ, ಅವರು ಫ್ಯಾನ್ ನಿಲ್ಲಿಸಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಪಾಠ ಕೇಳಿದರು. ಹುಳುವೊಂದು ವೇಣುವಿನ ತೋಳಿನ ಮೇಲೆ ಉಚ್ಚೆ ಹೊಯ್ದರೂ ಅವನು ಎದೆಗುಂದಲಿಲ್ಲ.

"ಈಗ ಸತು ತೆಗೀತೀನಿ. ಮಡಿಕೆ ಹೇಗೆ ಬಿಚ್ಕೊಳ್ಳುತ್ತೆ ನೋಡಿ!" ಎಂದು ಕವಚವನ್ನು ಎಳೆದ.

ಸುರುಳಿ ಜಪ್ಪಯ್ಯ ಎನ್ನಲಿಲ್ಲ. ರಾತ್ರಿಯೆಲ್ಲ ನೂಲು ಸುರಿದ ಹುಳುಗಳು ದಬ್ಬೆಗೆ ದಬ್ಬೆಯನ್ನು ಬೆಸೆದುಬಿಟ್ಟಿದ್ದವು. ವೇಣು ಮೆಲ್ಲಗೆ ಅಲುಗಿಸಿದ. "ಅಲ್ಲಾಡಿಸ್ಬೇಡ!" ಎಂದು ಮುಖ್ತಾರ್ ಕಿರುಚಿದ.

ಮುಂದಿನ ಬೆಂಚಿನ ಹರಿತಾ ಎದ್ದು ನಿಂತಳು. "ಸಾರ್, ಸತು ಇಲ್ದಿದ್ರೂ ನಡಿಯುತ್ತೆ ಅಂತ ಬರ್ಕೊಳ್ಳೋಣ್ವಾ?"

ಇಡೀ ತರಗತಿ ಗೊಳ್ಳೆಂದಿತು. ವೇಣುವಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೆ ರಾಧಾಮಣಿಯವರು ಬಗ್ಗಿ ಗೂಡುಗಳನ್ನು ನೋಡುತ್ತಲೇ ಇದ್ದರು.

"ಮೇಲೂರಿಂದ ಇಲ್ಲೀವರೆಗೆ ಒಂದು ಹುಳಾನೂ ಸಾಯ್ದಂಗೆ ತಂದಿದೀರಲ್ರೀ! ನೀವು ಖಾಯಂ, ವೇಣುಗೋಪಾಲ್."

ವೇಣುವಿನ ಕಣ್ಣು ತುಂಬಿ ಬಂತು.

"ನಮ್ಮ ರೇಷ್ಮೆ ವಿಭಾಗಕ್ಕೆ ಒಬ್ರೂ ಸಿಕ್ದೆ ಸಾಕಾಗಿತ್ತು. ಪ್ರೋಟೀನ್ ಪಾಠ ಬೇರೆಯವ್ರು ನೋಡ್ಕೊಳ್ತಾರೆ ಬಿಡಿ. ಕಾಲೇಜಿನ ತೋಟದಲ್ಲಿ ಸೊಪ್ಪು ಬಲಿತು ನಿಂತಿದೆ. ನಾಳೆ ಬೆಳಿಗ್ಗೆ ಬೇಗ ಬಂದ್ಬಿಡಿ."

ಸಂಜೆ ಸುದ್ದಿ ಕೇಳಿ ಓಬಳಮ್ಮ ಮಗನ ದೃಷ್ಟಿ ತೆಗೆದಳು.

"ಮಾತು ಅಂದ್ರೆ ಮಾತು ಕಣಪ್ಪಾ. ನಾಳೆಯಿಂದ ನಮ್ ತೋಟದ ಸೊಪ್ಪು ನೀನು ಮುಟ್ಬೇಡ" ಎಂದವಳೇ ಮೂಲೆಯಲ್ಲಿದ್ದ ಕುಡುಗೋಲನ್ನು ಒರೆಸಿ ಅವನ ಬ್ಯಾಗಿಗೆ ಹಾಕಿದಳು. "ಕಾಲೇಜಿಂದು ಕುಯ್ದಾದ್ಮೇಲೆ ಮಿಕ್ಕಿದ್ರೆ, ಬರ್ತಾ ಒಂದು ಹೊರೆ ತಂದ್ಬಿಡು."