ನಿದ್ದೆಯ ಚುಕ್ಕೆ

ಈ ಸಲದ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ಯಜಮಾನರನ್ನು ಗೆಲ್ಲಿಸುವುದು ಊರಿನವರಿಗೆ ಬಿಟ್ಟದ್ದು, ಆದರೆ ಅವರಿಗೆ ನಿದ್ದೆ ಬರಿಸುವುದು ನನ್ನ ಹೊಣೆ ಎಂದು ದೇವರ ಮುಂದೆ ದೀಪ ಹಚ್ಚಿ ಹೇಳಿಬಿಟ್ಟೆ! ನಾಮಪತ್ರ ಹಾಕಿದ ದಿನದಿಂದ ಅವರು ಕಣ್ಣು ಮುಚ್ಚಿರಲಿಲ್ಲ. ಹಾಸಿಗೆಯಲ್ಲೇ ಮನೆಮನೆಯ ಮತ ಲೆಕ್ಕ ಹಾಕುತ್ತಿದ್ದರು. ಎದುರಾಳಿ ಪಂಚಾಕ್ಷರಯ್ಯನವರ ಕಡೆಗೆ ಒಂದು ಮತ ಹೆಚ್ಚಿತೆನಿಸಿದರೆ ಎದ್ದು ಕೂರುತ್ತಿದ್ದರು.

ನನ್ನ ವಿದ್ಯೆಯೇನು ಸಾಮಾನ್ಯವೇ? ಹಾಸನದ ಕಲ್ಯಾಣ ಮಂಟಪವೊಂದರಲ್ಲಿ ನಡೆದ ಸುಜೋಕ್ ಶಿಬಿರಕ್ಕೆ ಬಸ್ಸಿನಲ್ಲಿ ಓಡಾಡಿ ಬಂದವಳು ನಾನು. ಕೊರಿಯಾ ದೇಶದ ಚಿಕಿತ್ಸೆ. ಅಕ್ಯುಪಂಕ್ಚರಿನ ತಂಗಿ ಅನ್ನಬಹುದು, ಆದರೆ ಸೂಜಿ ಇಲ್ಲದೆಯೂ ನಡೆಯುತ್ತದೆ. ಇಡೀ ದೇಹ ಕೈಯಲ್ಲೇ ಇದೆಯಂತೆ. ನೋವಿನ ಜಾಗವನ್ನು ಬೆರಳಲ್ಲಿ ಹುಡುಕಿ ಮೆಂತ್ಯದ ಕಾಳು ಅಂಟಿಸಬೇಕು, ಇಲ್ಲವೇ ಬಣ್ಣದ ಚುಕ್ಕೆ ಇಡಬೇಕು. ಮಿಕ್ಕದ್ದನ್ನು ಮೊಬೈಲಿನಲ್ಲಿ ನೋಡಿ ಕಲಿತೆ. ನಿದ್ದೆಯ ಜಾಗ ಎಡಗೈ ತೋರುಬೆರಳಿನ ಉಗುರಿನ ಬುಡವೆಂದೂ ಅದರ ಬಣ್ಣ ನೇರಳೆಯೆಂದೂ ತೀರ್ಮಾನಿಸಿದವಳು ನಾನೇ.

"ಅಲ್ಲ ಕಣೇ, ನಿದ್ದೆ ಬರ್ಬೇಕಾಗಿರೋದು ಕಣ್ಗೆ. ಬೆರಳ್ಗ್ಯಾಕೆ ಬಣ್ಣ?" ಎಂದರು ಯಜಮಾನರು.

"ಸುಮ್ಕೆ ಕೈ ಕೊಡಿ."

ಅವರಿಗೆ ನಿದ್ದೆ ಬರಲಿಲ್ಲ. ಆದರೆ ಅವರು ಮತ ಕೇಳಲು ಹೋದಲ್ಲೆಲ್ಲ ಚುಕ್ಕೆಯ ಸುದ್ದಿ ಹಬ್ಬಿತು. ನಮ್ಮ ಕಡೆಯ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಒಬ್ಬರಿಗೆ ತಲೆನೋವು, ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಸೊಸೆ. ನಾನು ಕೂತು ಎಲ್ಲವನ್ನೂ ಕೇಳಿ, ಕೊನೆಗೆ ಚುಕ್ಕೆ ಇಟ್ಟು ಕಳಿಸುತ್ತಿದ್ದೆ. ಎಲ್ಲರೂ ಹಗುರಾಗಿ ಹೋಗುತ್ತಿದ್ದರು. ನನ್ನ ಕೀರ್ತಿ ನಮ್ಮೂರು ಕೊರವಂಗಲವನ್ನೂ ದಾಟಿತು!

ಒಂದೇ ದೂರು: ಪಾತ್ರೆ ತೊಳೆದರೆ ಚುಕ್ಕೆ ಮಾಯ. ಅದಕ್ಕೂ ಮದ್ದು ಕಂಡುಹಿಡಿದೆ. ನೀರಿಗೆ ಅಳಿಯದ ಮಾರ್ಕರ್ ತರಿಸಿದೆ. ಮತದಾನದ ಹಿಂದಿನ ದಿನ ನಮ್ಮ ಕಡೆಯವರಿಗೆಲ್ಲ ಧೈರ್ಯ ಬರಲೆಂದು ಕೇಳಿದವರಿಗೂ ಕೇಳದವರಿಗೂ ಎಡಗೈಯ ಅದೇ ತೋರುಬೆರಳಿಗೆ ನೇರಳೆ ಚುಕ್ಕೆ ಇಟ್ಟೆ. ನನ್ನ ಬೆರಳಿಗಂತೂ ದಿನಾ ಪೂಜೆ ಮುಗಿಸಿ, ದೇವರ ಹೆಸರು ಹೇಳಿ, ಚುಕ್ಕೆಯ ಮೇಲೆ ಚುಕ್ಕೆ.

ಮತದಾನದ ಬೆಳಿಗ್ಗೆ ಶಾಲೆಯ ಬೂತಿಗೆ ಮೊದಲು ಹೋದವರು ನಮ್ಮ ದೊಡ್ಡಮ್ಮ. ಹೋದಷ್ಟೇ ಬೇಗ ಹೊರಗೆ ಬಂದರು.

"ನಂದು ಆಗ್ಲೇ ಆಗೈತಂತೆ ಕಣವ್ವ. ನಾನ್ ಯಾವಾಗ್ ಓಟಾಕ್ದೆ?"

ದೊಡ್ಡಮ್ಮನ ಬೆರಳು ಹಿಡಿದು ನೋಡಿದೆ. ಓಟಿನ ಶಾಯಿ ಹಚ್ಚುವ ಬೆರಳೂ ಅದೇ, ಜಾಗವೂ ಅದೇ, ಹೆಚ್ಚುಕಡಿಮೆ ಬಣ್ಣವೂ ಅದೇ!

ಒಳಗೆ ಏಜೆಂಟಾಗಿ ಕೂತಿದ್ದವನು ಪಂಚಾಕ್ಷರಯ್ಯನವರ ಮಗ ಪರಮೇಶ. "ಸಾ, ಇವ್ರ್ ಬೆರಳೂ ನೋಡಿ ಸಾ" ಎನ್ನುತ್ತ ನಮ್ಮವರನ್ನೆಲ್ಲ ತಡೆದ. ಅಧಿಕಾರಿ ಸಮಾಧಾನದ ಮನುಷ್ಯ. ಪಟ್ಟಿಯಲ್ಲಿ ಹೆಸರಿಗೆ ಗೀಟು ಬಿದ್ದಿಲ್ಲ, ಆದರೆ ಬೆರಳಲ್ಲಿ ಗುರುತಿದೆ, ಅಳಿಸಿಕೊಂಡು ಬನ್ನಿ ಎಂದರು.

ನಮ್ಮ ಕಡೆಯ ಮತಗಳೆಲ್ಲ ಶಾಲೆಯ ನಲ್ಲಿಯ ಮುಂದೆ ಸಾಲುಗಟ್ಟಿದವು. ಬೂದಿ ಬಂತು, ನಿಂಬೆಹಣ್ಣು ಬಂತು, ಸೀಮೆಎಣ್ಣೆ ಬಂತು. ಸ್ವತಃ ಅಭ್ಯರ್ಥಿಯಾದ ಯಜಮಾನರೇ ನಿಂತು ಬೆರಳು ಉಜ್ಜಿಕೊಳ್ಳುತ್ತಿದ್ದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಉಜ್ಜಿ ಉಜ್ಜಿ ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರ ಬೆರಳೂ ತಿಳಿಯಾಯಿತು. ಎಲ್ಲರೂ ಒಳಗೆ ಹೋಗಿ ಮತ ಹಾಕಿ, ಅದೇ ಜಾಗದಲ್ಲಿ ಹೊಸ ಚುಕ್ಕೆ ಇಡಿಸಿಕೊಂಡು ಬಂದರು. ಉಳಿದದ್ದು ನನ್ನದೊಂದೇ. ಭಕ್ತಿಯಿಂದ ಇಟ್ಟ ಚುಕ್ಕೆ, ಚರ್ಮ ಸುಲಿದರೂ ಹೋಗಲಿಲ್ಲ. ಸಂಜೆ ನಾನಿನ್ನೂ ನಲ್ಲಿಯ ಬಳಿ ಇರುವಾಗಲೇ ಬೂತಿನ ಬಾಗಿಲು ಹಾಕಿದರು.

ಎಣಿಕೆಯಾಯಿತು. ಯಜಮಾನರು ಸೋತರು. ಒಂದೇ ಒಂದು ಮತದಿಂದ. ಯಾರ ಮತ ಎಂದು ಯಾರೂ ಕೇಳಲಿಲ್ಲ, ಎಲ್ಲರೂ ನನ್ನ ಬೆರಳು ನೋಡಿದರು.

ಮನೆಗೆ ಬಂದವರು ಒಂದು ಲೋಟ ಕಾಫಿ ಕುಡಿದು, ನಡುಮನೆಯ ಬೆಂಚಿನ ಮೇಲೆ ಒರಗಿದರು. ಬೈಗುಳ ಕೇಳಲು ಸಿದ್ಧಳಾಗಿ ನಿಂತಿದ್ದೆ. ಕೇಳಿದ್ದು ಗೊರಕೆ! ದೇವರ ಫೋಟೋ ನೋಡಿದೆ. ನಾನು ಬೇಡಿದ್ದು ನಿದ್ದೆ ಮಾತ್ರ. ಕೊಟ್ಟದ್ದೂ ಅಷ್ಟೇ.

ವಾರ ಕಳೆದಿರಬೇಕು. ಪಂಚಾಕ್ಷರಯ್ಯನವರ ಹೆಂಡತಿ ಬಸವಲಿಂಗಮ್ಮ ಸಿಹಿಯ ಡಬ್ಬಿ ಹಿಡಿದು ಬಂದರು. ಯಜಮಾನರು ಬೆಂಚಿನ ಮೇಲೆ ಕಣ್ಣು ಮುಚ್ಚಿದ್ದರು. ಆಕೆ ಅವರನ್ನೇ ನೋಡಿ ನಿಟ್ಟುಸಿರುಬಿಟ್ಟು, ಗೆದ್ದ ದಿನದಿಂದ ತಮ್ಮ ಮನೆಯವರು ಪಟ್ಟ ಪಾಡು ಹೇಳಿಕೊಂಡರು. ಬೆಳಗಾಗುವ ಮುಂಚೆಯೇ ಚರಂಡಿ, ಬೀದಿದೀಪ, ನೀರಿನ ಪೈಪು ಎಂದು ಜನ ಬಾಗಿಲು ಬಡಿಯುತ್ತಾರಂತೆ.

"ಅವ್ರು ಕಣ್ಣೇ ಮುಚ್ಚಿಲ್ಲ ಕಣಕ್ಕ. ನಿಮ್ ಯಜಮಾನ್ರಿಗೆ ಆಕಿದ್ರಲ್ಲ, ಅದೇ ಚುಕ್ಕೆ ಆಕ್ಕೊಡಿ."

ನಾನು ಮಾರ್ಕರ್ ಬಿಸಾಡಿದ್ದೇನೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬೆಂಚಿನ ಮೇಲಿಂದ, ಕಣ್ಣು ಬಿಡದೆಯೇ, ಯಜಮಾನರ ದನಿ ಬಂತು:

"ಇಲ್ಲ ಅನ್ಬ್ಯಾಡ ಕಣೇ, ಆಕು. ಈಗ್ಲೇ ಅಲ್ಲ. ಮುಂದಿನ್ ಎಲೆಕ್ಷನ್ ದಿನ ಬೆಳಗ್ಗೆ, ಅವ್ರ್ ಕಡೆಯೋರ್ಗೆಲ್ಲಾ ಆಕು."